ಹತ್ತಿದ್ದು ಪುಣ್ಯ, ಇಳಿದದ್ದು ನೋವು

ಬಹಳ ಕಾಲ ಬಿಟ್ಟು ವ್ಯಾಯಾಮಕ್ಕೆ ಮರಳಿದವರಿಗೆ ಬರುವ ಮೈಕೈ ನೋವು ತುಂಬ ಸಂಭಾವಿತ. ಮಾಡಿದ ದಿನ ಮುಖವನ್ನೇ ತೋರಿಸುವುದಿಲ್ಲ. ಅವತ್ತು ನಿಮಗೆ ಮೆರೆಯಲು ಬಿಡುತ್ತದೆ. ನೀವು ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು, ನೆಂಟರಿಗೆಲ್ಲ ಫೋಟೊ ಕಳಿಸಿ, "ಇನ್ಮೇಲೆ ದಿನಾ ಹೋಗೋದೇ" ಎಂದು ಘೋಷಿಸಿ, ಆ ಖುಷಿಗೆ ಒಂದು ಮಸಾಲೆದೋಸೆ ಹೆಚ್ಚಿಗೆ ತಿಂದು ಮಲಗುವವರೆಗೂ ತಾಳ್ಮೆಯಿಂದ ಕಾಯುತ್ತದೆ. ಮಾರನೆಯ ಬೆಳಗ್ಗೆ ಆಗುವುದು ಬರೀ ಪರಿಚಯ. ಪೂರ್ಣ ದರ್ಶನ ಅದರ ಮರುದಿನ.

ಮೈಸೂರಿನವರಿಗೆ ವ್ಯಾಯಾಮ ಎಂದೊಡನೆ ನೆನಪಾಗುವುದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು. ಜಿಮ್ಮಿನ ಫೀಸಿಲ್ಲ, ಹಾಡಿನ ಗದ್ದಲವಿಲ್ಲ, ಮೇಲೆ ಹೋದರೆ ತಾಯಿಯ ದರ್ಶನ. ವರ್ಷಗಟ್ಟಲೆ ಕುರ್ಚಿಗೆ ಅಂಟಿಕೊಂಡಿದ್ದ ನಾನೂ ಮತ್ತೆ ಹತ್ತಿದೆ. ನಂದಿಯ ಹತ್ತಿರ ಬರುವ ಹೊತ್ತಿಗೆ ಎದೆ ಡವಗುಟ್ಟುತ್ತಿತ್ತು. ಒಂದೇ ಬಂಡೆಯಲ್ಲಿ ಕಡೆದ ಆ ಬಸವಣ್ಣ ಮುನ್ನೂರು ವರ್ಷಕ್ಕೂ ಮಿಕ್ಕಿ ಕೂತಲ್ಲೇ ಕೂತಿದ್ದಾನೆ. ಅವನಿಗೆ ಯಾರೂ "ಸ್ವಲ್ಪ ವಾಕಿಂಗ್ ಹೋಗಪ್ಪಾ" ಎನ್ನುವುದಿಲ್ಲ, ಬದಲಿಗೆ ಸುತ್ತು ಬಂದು ಕೈ ಮುಗಿಯುತ್ತಾರೆ. ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಹರಕೆ ಹೊತ್ತ ಒಬ್ಬ ಹೆಂಗಸು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಲೇ ನನ್ನನ್ನು ಹಿಂದೆ ಹಾಕಿ ಹೋದರು. ಜಿಮ್ಮಿನಲ್ಲಿ ಅಷ್ಟು ಸಲ ಬಗ್ಗಿಸಿದರೆ ಜನ ದುಡ್ಡು ವಾಪಸ್ ಕೇಳುತ್ತಾರೆ.

ಇಳಿಯುವುದಂತೂ ಎಷ್ಟು ಸಲೀಸು! ಉಸಿರು ಕಟ್ಟಲಿಲ್ಲ, ಬೆವರೂ ಆರಿತು. ಎದುರು ಹತ್ತಿ ಬರುತ್ತಿದ್ದ ಅಪರಿಚಿತರಿಗೆ "ಇನ್ನೇನು ಬಂತು, ಸ್ವಲ್ಪವೇ ಇರೋದು" ಎಂದು ಧೈರ್ಯ ಹೇಳುವಷ್ಟು ಹುರುಪು. ಒಳಸಂಚು ನಡೆದದ್ದೇ ಅಲ್ಲಿ.

ಮೂರನೆಯ ದಿನ ನಮ್ಮ ಮನೆಯ ಭೂಗೋಳವೇ ಬದಲಾಗಿತ್ತು. ಮಹಡಿಯಿಂದ ಕೆಳಗೆ ಬರಲು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಬೇಕು. ನೆಲದ ಮೇಲೆ ಬಿದ್ದ ಪೆನ್ನು ಇನ್ನು ನೆಲಕ್ಕೇ ಸೇರಿದ್ದು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತೆನೆಂದರೆ ಏಳಿಸಲು ಇಬ್ಬರು ಬೇಕು. ಇಂಡಿಯನ್ ಶೈಲಿಯ ಕಕ್ಕಸಿನ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ, ಅನುಭವಿಸಿದವರು ಬಲ್ಲರು.

ನೋವು ಬಂದಲ್ಲಿ ವೈದ್ಯರಿಗೆ ಬರವಿಲ್ಲ. ಅತ್ತೆಯವರು ಲಕ್ಕಿಸೊಪ್ಪು ಕುದಿಸಿದ ನೀರಿನಲ್ಲಿ ಸ್ನಾನ ಮಾಡಿಸಲು ಹೊರಟರು. ಅದು ಬಾಣಂತಿಯರಿಗಲ್ಲವೇ ಎಂದರೆ, "ನಿಮ್ಮ ನರಳಾಟ ಕೇಳಿದ್ರೆ ಹಾಗೇ ಅನ್ಸುತ್ತೆ" ಎಂದರು. ಮಗಳು, "ಅಪ್ಪಾ, ಕ್ರಿಕೆಟರ್ಸ್ ಎಲ್ಲಾ ಐಸ್ ನೀರಲ್ಲಿ ಕೂತ್ಕೋತಾರೆ" ಎಂದಳು. ತಣ್ಣೀರಿನಿಂದ ನೋವು ಒಂದಿಷ್ಟು ತಗ್ಗುತ್ತದೆ ಎನ್ನುವುದು ನಿಜವೇ. ಆದರೆ ಅದರಲ್ಲಿ ಕೂರಬೇಕಾದರೆ ಮೊದಲು ಮಂಡಿ ಮಡಚಬೇಕಲ್ಲ! ಎದುರುಮನೆಯ ಇಂಜಿನಿಯರ್ ಸಾಹೇಬರು ಕಾಫಿ ಹೀರುತ್ತಾ, "ಲ್ಯಾಕ್ಟಿಕ್ ಆಸಿಡ್ ಸಾರ್, ಕಾಲಲ್ಲೆಲ್ಲಾ ಶೇಖರಣೆ ಆಗಿದೆ" ಎಂದು ತೀರ್ಪಿತ್ತರು. ಕೊನೆಗೆ ಬಂದವರು ಪಕ್ಕದ ಬೀದಿಯ ಹಳೇ ಗರಡಿಮನೆಯ ಪೈಲ್ವಾನರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹತ್ತು ಬಸ್ಕಿ ಹೊಡೀರಿ ಸ್ವಾಮಿ, ನಿಧಾನಕ್ಕೆ. ನೋವಿರೋ ಕಡೆಗೇ ಕೆಲಸ ಕೊಡ್ಬೇಕು" ಎಂದರು. ಅವರು ಹೋದ ಮೇಲೆ ಮನೆಯವರೆಲ್ಲ ಸೇರಿ ಅವರನ್ನು ಬೈದೆವು.

ವೈದ್ಯನಾದ ನನ್ನ ಗೆಳೆಯ ಮಾತ್ರ ಮಜಾ ತೆಗೆದುಕೊಂಡ. ಲ್ಯಾಕ್ಟಿಕ್ ಆಸಿಡ್ ಪಾಪ ನಿರಪರಾಧಿಯಂತೆ. ವ್ಯಾಯಾಮ ಮುಗಿದು ಗಂಟೆಯೊಂದು ಕಳೆಯುವುದರೊಳಗೆ ಅದು ಮಾಮೂಲು ಮಟ್ಟಕ್ಕೆ ಇಳಿದಿರುತ್ತದೆ, ಮೂರನೆಯ ದಿನ ಚುಚ್ಚಲು ಅಲ್ಲಿ ಇರುವುದೇ ಇಲ್ಲ. ಥಿಯೊಡೋರ್ ಹಫ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ ಬೆರಳಿನ ಸ್ನಾಯುಗಳನ್ನು ದಣಿಸಿ ನೋಡಿ, 1902ರಲ್ಲೇ ಈ ತಡವಾದ ನೋವಿಗೆ ಸ್ನಾಯುವಿನೊಳಗಿನ ಸಣ್ಣ ಸೀಳುಗಳು ಕಾರಣವಿರಬೇಕೆಂದು ಬರೆದಿದ್ದ. ಭಾರ ಹೊತ್ತುಕೊಂಡೇ ಸ್ನಾಯು ಉದ್ದವಾಗಬೇಕಾದಾಗ ಈ ಪೆಟ್ಟು ಹೆಚ್ಚು. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗ ಮಾಡುವುದು ಅದನ್ನೇ: ಹೆಜ್ಜೆಹೆಜ್ಜೆಗೂ ಇಡೀ ದೇಹ ಕೆಳಗೆ ಬೀಳದಂತೆ ಬ್ರೇಕ್ ಹಿಡಿಯುವುದು. ಹತ್ತುವಾಗ ಏದುಸಿರು ಬಿಟ್ಟ ಶ್ವಾಸಕೋಶಕ್ಕೆ ಎಲ್ಲರ ಅನುಕಂಪ ಸಿಕ್ಕಿತು. ಸದ್ದಿಲ್ಲದೆ ಸಾವಿರ ಸಲ ಬ್ರೇಕ್ ಹಾಕಿದ ತೊಡೆಯನ್ನು ಕೇಳುವವರಿರಲಿಲ್ಲ; ಅದು ಎರಡು ದಿನ ತಡೆದು ಅರ್ಜಿ ಹಾಕಿತು.

"ಹಾಗಾದ್ರೆ ಔಷಧಿ?" ಎಂದೆ. ಈ ಪ್ರಶ್ನೆಗೆ ಅವನ ಉತ್ತರ ನಿರಾಶಾದಾಯಕ. ಬಿಸಿನೀರು ಹಿತ, ಎಳ್ಳೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದು ಹಿತ, ಚೆನ್ನಾಗಿ ನಿದ್ದೆ ಮಾಡುವುದು ಇನ್ನೂ ಹಿತ. ಕೈಕಾಲು ಎಳೆದು ಚಾಚಿದರೆ ನೋವು ಓಡುತ್ತದೆ ಎನ್ನುವುದು ಬರೀ ನಂಬಿಕೆ. ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮುಲಾಮಿನೊಳಗಿನ ಮೆಂಥಾಲ್ ಚರ್ಮದ ತಂಪು ತಿಳಿಯುವ ನರಗಳನ್ನು ಕೆಣಕಿ, ಗಮನ ಆ ಕಡೆ ಸೆಳೆಯುತ್ತದೆ. ನೋವಿನ ಮಾತ್ರೆಯನ್ನು ಬರೀ ಹೊಟ್ಟೆಗೆ ನುಂಗಿದರೆ ತೊಡೆಯ ಉರಿ ಹೊಟ್ಟೆಗೆ ವರ್ಗವಾಗುತ್ತದೆ, ಅಷ್ಟೆ. ಏನೂ ಮಾಡದಿದ್ದರೂ ವಾರದೊಳಗೆ ಅದೇ ಹೋಗುತ್ತದೆ. ಒಂದೇ ಒಂದು ಮಾತನ್ನು ಅವನು ನಗದೆ ಹೇಳಿದ: ನೋವು ವಿಪರೀತವಾಗಿ, ಕಾಲು ಊದಿಕೊಂಡು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಎಣ್ಣೆ, ಸೊಪ್ಪು ಎನ್ನುತ್ತಾ ಕೂರಬಾರದು, ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

"ಮತ್ತೆ ಸುಮ್ಮನೆ ಮಲಗಿರಲೇನು?" ಎಂದರೆ, "ಬೇಡ, ಎದ್ದು ಓಡಾಡು. ಕೈಲಾದಷ್ಟು ಆಡಿಸ್ತಾ ಇದ್ರೆ ಅಷ್ಟು ಹೊತ್ತಾದ್ರೂ ನೋವು ಸಡಿಲ ಆಗುತ್ತೆ. ವಾರ ಕಳೆದು ಅದೇ ಕೆಲಸ ಮತ್ತೆ ಮಾಡು, ಈ ಸಲದಷ್ಟು ನೋಯೋದಿಲ್ಲ. ಸ್ನಾಯು ಒಂದೇ ಪಾಠಕ್ಕೆ ಕಲಿತುಬಿಡುತ್ತೆ, ಮನುಷ್ಯನ ಹಾಗಲ್ಲ" ಎಂದ. ಅಂದರೆ ಅಷ್ಟೆಲ್ಲ ಓದಿದವನು ಹೇಳಿದ್ದು ಪೈಲ್ವಾನರ ಮಾತನ್ನೇ. ಅವರಿಗೆ ಕಾಫಿ ಕೊಟ್ಟಿರಲಿಲ್ಲ. ಸಂಜೆ ಕರೆದು ಕೊಟ್ಟೆವು.

ನನ್ನ ಪಾಲಿಗೆ ಈ ಪ್ರಕರಣದ ತೀರ್ಪು ಇಷ್ಟು: ನೋವಿಗೆ ಮದ್ದು ಹುಡುಕುವುದಕ್ಕಿಂತ ಅದನ್ನು ಕಂತಿನಲ್ಲಿ ತೆಗೆದುಕೊಳ್ಳುವುದು ವಾಸಿ. ನೀವೂ ಬಹಳ ದಿನದ ಮೇಲೆ ಬೆಟ್ಟಕ್ಕೆ ಹೊರಟಿದ್ದರೆ, ಮೊದಲ ಸಲ ಹತ್ತಿ, ಕೈ ಮುಗಿದು, ಬಸ್ಸಿನಲ್ಲಿ ಕೆಳಗೆ ಬನ್ನಿ. ಮುಂದಿನ ಸಲ ಒಂದಷ್ಟು ಮೆಟ್ಟಿಲು ಮಾತ್ರ ಇಳಿದು ನೋಡಿ. ಟಿಕೆಟ್ಟಿನ ಕಾಸು ಮುಲಾಮಿನ ಡಬ್ಬಿಗಿಂತ ಅಗ್ಗ. ಹೆಂಗಸರಿಗಂತೂ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ಆ ಕಾಸೂ ಬೇಡ.