ಸೀರೆ ಯಾವ ಬಣ್ಣ?

ಜಗಳ ಶುರುವಾದದ್ದು ಒಂದು ಸೀರೆಯಿಂದ. ಧಾರಾವಾಹಿಯಲ್ಲಿ ಮದುವೆ ನಡೆಯುತ್ತಿತ್ತು. ಟಿವಿ ಎದುರಿಗೇ ಚಾಪೆ ಹಾಕಿಕೊಂಡಿದ್ದ ಅಜ್ಜಿ, "ಹುಡುಗಿಗೆ ಕುಂಕುಮದ ಬಣ್ಣ ಎಷ್ಟು ಒಪ್ಪುತ್ತೆ ನೋಡೇ" ಅಂದರು. ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದ ಅಮ್ಮ ಕತ್ತೆತ್ತಿ ನೋಡಿ, "ಕುಂಕುಮ ಎಲ್ಲಿ ಬಂತತ್ತೆ? ಒಗೆದು ಒಗೆದು ಬಿಳಿಚಿಕೊಂಡ ಗುಲಾಬಿ ಅದು" ಅಂದರು. ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿ ಆರು ತಿಂಗಳೂ ಆಗಿರಲಿಲ್ಲ. ಮಾತು ಆಪರೇಷನ್ನಿನ ಖರ್ಚಿಗೆ ತಿರುಗುವುದರಲ್ಲಿತ್ತು.

ಇಬ್ಬರ ಕಣ್ಣೂ ಸರಿಯಾಗಿವೆ ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ಆ ಟಿವಿ ಆರಿಸಿದವನು ನಾನೇ ಆದ್ದರಿಂದ ಬಾಯಿ ಬಿಡಲಿಲ್ಲ.

ಬೆಂಗಳೂರಿನಲ್ಲಿ ಮಾಸ್ತಿ ಅಂದರೆ ಜ್ಞಾನಪೀಠ ಪಡೆದ ಲೇಖಕರು ನೆನಪಾಗುತ್ತಾರೆಯೇ ಹೊರತು ಮಾಲೂರು ತಾಲ್ಲೂಕಿನ ನಮ್ಮ ಊರಲ್ಲ. ಆ ಊರಿನಲ್ಲಿ ಮಾತ್ರ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮಗನೆಂದರೆ ಫೋನಿನಿಂದ ಹಿಡಿದು ಪಂಪ್‌ಸೆಟ್ಟಿನ ಸ್ಟಾರ್ಟರ್ ತನಕ ಎಲ್ಲಕ್ಕೂ ಪಂಡಿತ. ಹಳೇ ಡಬ್ಬಾ ಟಿವಿ ಕಣ್ಣು ಮುಚ್ಚಿದಾಗ ನನಗೆ ಕರೆ ಬಂತು. ಆ ಡಬ್ಬಾದ್ದು ಒಂದು ದೊಡ್ಡ ಗುಣ. 1987ರಲ್ಲಿ ರಾಮಾಯಣ ಬರುವಾಗ ಕಿಟಕಿಯ ಸರಳು ಹಿಡಿದು ಓರೆಯಾಗಿ ನೋಡಿದವರಿಗೂ, ಎದುರಿಗೆ ಕೂತ ಯಜಮಾನರಿಗೂ ರಾಮ ಒಂದೇ ಥರ ಕಾಣುತ್ತಿದ್ದ.

ಅಂಗಡಿಯ ಗೋಡೆಯ ತುಂಬ ಟಿವಿಗಳು, ಅವುಗಳ ತುಂಬ ಮೀನು, ಹಣ್ಣು, ಹೂವು. ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ. ಅಪ್ಪ ಬೆಲೆಚೀಟಿ ನೋಡಿ, "ಒಂದೊಂದು ಅಕ್ಷರ ಹೆಚ್ಚಾದ್ರೆ ಒಂದೊಂದು ಸೀಮೆಹಸು ಹೋಯ್ತಲ್ಲೋ" ಅಂದರು.

ಎಲ್‌ಇಡಿ ಟಿವಿ ಅನ್ನುವ ಹೆಸರೇ ಅರ್ಧ ಸುಳ್ಳು. ಮುಂದಿರುವುದು ಹಳೆಯ ಎಲ್‌ಸಿಡಿ ಪರದೆಯೇ. ಹಿಂದೆ ಉರಿಯುತ್ತಿದ್ದ ಸಣ್ಣ ಟ್ಯೂಬ್‌ಲೈಟುಗಳ ಜಾಗಕ್ಕೆ ಎಲ್‌ಇಡಿ ದೀಪಗಳು ಬಂದಿವೆ, ಅಷ್ಟೆ. ಕ್ಯೂ ಸೇರಿದರೆ ಬಣ್ಣ ಇನ್ನಷ್ಟು ಶುದ್ಧವಾಗಿಸುವ ಒಂದು ಪದರ. ಓಎಲ್‌ಇಡಿಯ ಜಾತಿಯೇ ಬೇರೆ. ಅದಕ್ಕೆ ಹಿಂದೆ ದೀಪವಿಲ್ಲ, ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ, ಕಪ್ಪು ಬೇಕಾದಾಗ ತಾನೇ ಆರುತ್ತದೆ. ಎಲ್ಲಿ ನಿಂತು ನೋಡಿದರೂ ಬಣ್ಣ ಅಷ್ಟಾಗಿ ಕದಲುವುದಿಲ್ಲ. ಆದರೆ ಅಲುಗಾಡದ ಚಿತ್ರ ದಿನವೆಲ್ಲ ಉರಿದರೆ ಅಷ್ಟು ಜಾಗ ಬೇಗ ಸವೆದು ಕಲೆ ಉಳಿಯುತ್ತದೆ. ನಮ್ಮಪ್ಪ ಬೆಳಗಿನಿಂದ ರಾತ್ರಿವರೆಗೂ ಒಂದೇ ಸುದ್ದಿ ಚಾನೆಲ್ ಹಾಕಿಕೊಂಡು ಕೂರುವವರು. ನಾಲ್ಕು ವರ್ಷದಲ್ಲಿ ಧಾರಾವಾಹಿಯ ನಾಯಕಿಯ ಸೆರಗಿಗೆ 'ಬ್ರೇಕಿಂಗ್ ನ್ಯೂಸ್' ಅಂಚು ಕಾಯಂ ಆಗಿಬಿಡುತ್ತಿತ್ತು. ಸೀಮೆಹಸುಗಳ ಲೆಕ್ಕವೂ ಇತ್ತಲ್ಲ, ಬಿಟ್ಟೆವು.

ಉಳಿದದ್ದು ಎಲ್‌ಸಿಡಿ. ಅದರೊಳಗೂ ಎರಡು ಪಂಗಡ: ಐಪಿಎಸ್, ವಿಎ. ಬೆಳಕು-ಕತ್ತಲೆಯ ಅಂತರ ಐಪಿಎಸ್‌ನಲ್ಲಿ ಸುಮಾರು 1000ಕ್ಕೆ 1, ವಿಎಯಲ್ಲಿ 3000ಕ್ಕೆ 1 ಅಥವಾ ಇನ್ನೂ ಹೆಚ್ಚು. ನಾನು ದೊಡ್ಡ ಅಂಕಿಗೆ ಬಿದ್ದೆ. ದೊಡ್ಡ ಅಂಕಿ ಕಂಡು ಹಿಗ್ಗಬಾರದು ಅಂತ, ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆಸುವ ಜಿಲ್ಲೆಯವನಿಗೆ ತಿಳಿದಿರಬೇಕಿತ್ತು.

ಗಾಜನ್ನೇ ನೆಲ ಅಂದುಕೊಳ್ಳಿ. ವಿಎಯಲ್ಲಿ ದ್ರವ ಸ್ಫಟಿಕದ ಅಣುಗಳು ನೀಲಗಿರಿ ತೋಪಿನ ಹಾಗೆ ನೆಟ್ಟಗೆ ನಿಂತಿರುತ್ತವೆ. ನಿಂತಿದ್ದರೆ ಕಪ್ಪು, ಗಾಳಿಗೆ ಬಾಗಿದಂತೆ ಬಾಗಿದರೆ ಬೆಳಕು. ಬಾಗಿದ ಮರ ಎದುರಿನಿಂದ ಕಂಡಷ್ಟೇ ಪಕ್ಕದಿಂದ ಕಂಡೀತೆ? ಅಮ್ಮನ ಕಣ್ಣಿಗೆ ಸೀರೆಯ ಕುಂಕುಮದ ಬಣ್ಣ ಬಿಳಿಚಿಕೊಂಡದ್ದು ಅಲ್ಲೇ. ಐಪಿಎಸ್‌ನಲ್ಲಿ ಅವು ಬೀಸುಕಲ್ಲಿನ ಹಾಗೆ ಮಲಗಿದಲ್ಲೇ ತಿರುಗುತ್ತವೆ. ಕಪ್ಪು ಕೊಂಚ ಬೂದಿಯಾದರೂ ಪಕ್ಕದಲ್ಲಿ ಕೂತವರಿಗೆ ಅಷ್ಟು ಮೋಸವಿಲ್ಲ.

ಡಬ್ಬದ ಮೇಲೆ ಮಾತ್ರ ಎರಡೂ ಪಂಗಡದ್ದು ಒಂದೇ ಜಂಬ: ನೋಟದ ಕೋನ 178 ಡಿಗ್ರಿ. ಅಂದರೆ ಟಿವಿ ಇರುವ ಗೋಡೆಗೇ ಕೆನ್ನೆ ಆನಿಸಿ ನೋಡಿದರೂ ಕಾಣಬೇಕು. ಈ ಲೆಕ್ಕದ ಗುಟ್ಟೆಂದರೆ, ಬೆಳಕು-ಕತ್ತಲೆಯ ಅಂತರ 10ಕ್ಕೆ 1ರವರೆಗೆ ಕುಸಿದರೂ 'ಕಾಣುತ್ತದೆ' ಎಂದೇ ಬರೆಯುತ್ತಾರೆ. ಈ ಅಣುಗಳ ಮೂಲ ಹುಡುಕಿದರೆ, 1888ರಲ್ಲಿ ಫ್ರೀಡ್ರಿಕ್ ರೈನಿಟ್ಜರ್ ದ್ರವ ಸ್ಫಟಿಕವನ್ನು ಮೊದಲು ಕಂಡದ್ದು ಕ್ಯಾರೆಟ್ಟಿನ ಕೊಲೆಸ್ಟರಾಲಿನಿಂದ ಮಾಡಿದ ವಸ್ತುವಿನಲ್ಲಿ. ಅದು 145.5 ಡಿಗ್ರಿ ಸೆಲ್ಸಿಯಸ್‌ಗೆ ಮಬ್ಬಾಗಿ ಕರಗಿ, 178.5ಕ್ಕೆ ತಿಳಿಯಾಯಿತು. ನಮ್ಮ ಕಡೆ ಹೊಲದಲ್ಲಿ ಬೆಳೆಯುವ ಕ್ಯಾರೆಟ್ಟಿಗೆ ಇಂಥ ಮರ್ಯಾದೆ ಇದೆ ಅಂತ ಮಂಡಿಯವರಿಗೆ ಗೊತ್ತಿಲ್ಲ.

ಪಕ್ಕದಲ್ಲಿ ಕೂತವರ ಕಷ್ಟಕ್ಕೆ ಒದಗಿದ ವಸ್ತು ಸಿಕ್ಕಿದ್ದು ಮಾತ್ರ ಬೆಂಗಳೂರಿನಲ್ಲೇ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು, ಹಪ್ಪಳದ ಹಾಗೆ ಚಪ್ಪಟೆಯಾಗಿದ್ದು ಒಂದರ ಮೇಲೊಂದು ಅಟ್ಟಿ ಕಟ್ಟುವ ಅಣುಗಳಿಂದಲೂ ದ್ರವ ಸ್ಫಟಿಕ ಆಗುತ್ತದೆ ಎಂದು ತೋರಿಸಿದರು. ಮುಂದೆ ಜಪಾನಿನವರು ಅಂಥ ಅಣುಗಳ ತೆಳು ಹಾಳೆಯನ್ನು ಕಂಪ್ಯೂಟರ್ ಪರದೆಗಳಿಗೆ ಅಂಟಿಸಿ ನೋಟದ ಕೋನ ಹಿಗ್ಗಿಸಿದರು. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಪ್ಪಳ ಬೆಂಗಳೂರಲ್ಲೇ ಸಿಗೋ ಹಾಗಿದ್ರೆ ತರೋಕೆ ನಿನಗೇನಾಗಿತ್ತು?" ಅಂದರು.

ಕೊನೆಗೆ ತಿರುಗಿಸಬಹುದಾದ ಸ್ಟ್ಯಾಂಡ್ ಹಾಕಿಸಿದೆ. ಏಳು ಗಂಟೆಗೆ ಅಮ್ಮ ಟಿವಿಯನ್ನು ಅಡುಗೆಮನೆ ಕಡೆ ತಿರುಗಿಸುತ್ತಾರೆ. ಏಳೂ ಐದಕ್ಕೆ ಅಜ್ಜಿ ಕೋಲಿನಿಂದ ಚಾಪೆ ಕಡೆ ತಳ್ಳುತ್ತಾರೆ.

ಟಿವಿ ಕೊಳ್ಳುವವರಿದ್ದರೆ ಮನೆಯಲ್ಲಿ ಮೂಲೆಯಲ್ಲಿ ಕೂರುವವರು ಯಾರೋ ಅವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಪಕ್ಕಕ್ಕೆ ನಿಲ್ಲಿಸಿ, ಸೀರೆ ಯಾವ ಬಣ್ಣ ಅಂತ ಕೇಳಿ, ಆಮೇಲೆ ದುಡ್ಡು ಕೊಡಿ.