ಒಂದು ಗಣಕ, ಎರಡು ಕಾಲ
ಜಯನಗರದ ನಾಲ್ಕನೆಯ ಬ್ಲಾಕಿನ ಕಚೇರಿಯೊಂದರ ಮೇಜಿನ ಮೇಲೆ, ಹಳೆಯ ವಠಾರದ ಎರಡು ಬಿಡಾರಗಳಂತೆ, ವಿಂಡೋಸು ಲಿನಕ್ಸುಗಳೆರಡೂ ಒಂದೇ ಗಣಕದಲ್ಲಿ ವಾಸವಾಗಿವೆ. ಯಂತ್ರದೊಳಗಣ ಏಕಮಾತ್ರ ಗಡಿಯಾರವನ್ನು ಮೊದಲನೆಯದು ಭಾರತೀಯ ಕಾಲವೆಂದೂ ಎರಡನೆಯದು ವಿಶ್ವಕಾಲವೆಂದೂ ಭಾವಿಸುವುದರಿಂದ, ವಿಂಡೋಸಿನಿಂದ ಲಿನಕ್ಸಿಗೆ ದಾಟಿದವನು ಕುರ್ಚಿಯಿಂದೇಳದೆಯೇ 5 ಗಂಟೆ 30 ನಿಮಿಷ ಭವಿಷ್ಯತ್ತಿಗೆ ಪ್ರಯಾಣಿಸಿರುತ್ತಾನೆ. ಕಚೇರಿಯ ಗಣಕಗಳನ್ನೆಲ್ಲ ಒಂದೇ ಆಡಳಿತಕ್ಕೊಳಪಡಿಸುವ ಡೊಮೈನಿನ ದ್ವಾರಪಾಲಕನಾದ, ಗ್ರೀಕ್ ಪುರಾಣದ ಮೂರು ತಲೆಯ ನಾಯಿಯ ಹೆಸರನ್ನು ಹೊತ್ತ ಕರ್ಬೆರೋಸನಾದರೋ ವಾಡಿಕೆಯಂತೆ ತನ್ನ ಗಡಿಯಾರಕ್ಕೂ ಗಣಕದ ಗಡಿಯಾರಕ್ಕೂ 5 ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಸೈರಿಸನು; ಬಂದವನನ್ನು ಒಳಗೆ ಬಿಡನು. ಬನಶಂಕರಿಯ ಬಸ್ಸಿಗೆ ಕಾದು ಬೆಳೆದ ನಮಗೆ ಇಂಥ ಸಮಯನಿಷ್ಠೆ ಅಮಾನುಷವೆಂದೇ ತೋರುವುದು. ಆದುದರಿಂದ, ವಾಚಕ ಮಹಾಶಯರೇ, ಗುಪ್ತಪದವನ್ನು ಬದಲಾಯಿಸಿ ಬದಲಾಯಿಸಿ ಬಳಲುವ ಮುನ್ನ ಗಡಿಯಾರವನ್ನೊಮ್ಮೆ ನೋಡಿರಿ. ಇನ್ನು ವಿಂಡೋಸು ಲಿನಕ್ಸುಗಳೆರಡಕ್ಕೂ ಡೊಮೈನಿನಲ್ಲಿ ಒಂದೇ ಹೆಸರಿಟ್ಟಿದ್ದರೆ, ಎರಡನೆಯದು ಡೊಮೈನು ಸೇರಿದೊಡನೆ ಅದರೊಂದಿಗೆ ಮೊದಲನೆಯದರ ಸಂಬಂಧ ಕಡಿದುಹೋಗುವುದಾದ್ದರಿಂದ, ನಾಮಕರಣವನ್ನೂ ಬೇರೆಬೇರೆಯಾಗಿ ಮಾಡಿರಿ.