ಫಲಭಕ್ಷ್ಯ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯ ಹೇಳಿ ಮುಗಿಸಬೇಕಂತೆ. ಹೇಳಿಬಿಡುತ್ತೇನೆ. ವಿಷಯ: ಹಣ್ಣಿನಿಂದ ಮಕ್ಕಳಿಗೆ ಆರೋಗ್ಯದ ತಿಂಡಿ ಮಾಡುವುದು. ಪ್ರಯೋಜನ: ಮಕ್ಕಳು ಅದನ್ನು ತಿನ್ನುವುದು, ಇದು ಕೈಗೂಡಿದ್ದನ್ನು ನಾನಂತೂ ಕಂಡಿಲ್ಲ. ಸಂಬಂಧ: ತಾತ, ಮೊಮ್ಮಗ. ಅಧಿಕಾರಿ: ಆದವಾನಿಯಲ್ಲಿ ಪಿಂಚಣಿ ತಿನ್ನುತ್ತ, ಏಳು ವರ್ಷದ ಮೊಮ್ಮಗನ ಹೊಟ್ಟೆಯ ಉಸ್ತುವಾರಿಯನ್ನು ಸೊಸೆಯಿಂದ ವಹಿಸಿಕೊಂಡ ನಾನು.

ಇನ್ನು ಪ್ರಮಾಣ. ಮಂತ್ರಾಲಯದ ಸೀಮೆಯವರಾದ ನಮಗೆ ಪ್ರಮಾಣಗಳು ಮೂರೇ: ಪ್ರತ್ಯಕ್ಷ, ಅನುಮಾನ, ಆಗಮ. ಆದರೆ ಮನೆಯಲ್ಲಿ ತಯಾರಾದ ಹಣ್ಣಿನ ತಿಂಡಿಯ ಮುಂದೆ ಕೂತ ಮಗುವಿಗೆ ಇರುವುದು ಒಂದೇ, ಅನುಮಾನ.

ಈ ಶಾಸ್ತ್ರದ ಮೂಲ ನಮ್ಮೂರಲ್ಲೇ ಇದೆ. ಆದವಾನಿಯ ನವಾಬ ಸಿದ್ದಿ ಮಸೂದ್ ಖಾನ್ ರಾಘವೇಂದ್ರ ಸ್ವಾಮಿಗಳನ್ನು ಪರೀಕ್ಷೆ ಮಾಡಲು ತಟ್ಟೆಯಲ್ಲಿ ಮಾಂಸವಿಟ್ಟು, ಮೇಲೆ ಬಟ್ಟೆ ಮುಚ್ಚಿ ಕಾಣಿಕೆಯಾಗಿ ತಂದನಂತೆ. ಸ್ವಾಮಿಗಳು ನೀರು ಪ್ರೋಕ್ಷಿಸಿ ಬಟ್ಟೆ ಸರಿಸಿದರೆ ಒಳಗೆ ಹಣ್ಣು. ಬೆರಗಾದ ನವಾಬ ತುಂಗಭದ್ರೆಯ ದಂಡೆಯ ಮಂಚಾಲೆಯನ್ನು ಬಿಟ್ಟುಕೊಟ್ಟ; 1671ರಲ್ಲಿ ಸ್ವಾಮಿಗಳು ಅಲ್ಲೇ ಬೃಂದಾವನಸ್ಥರಾದರು ಎಂಬುದು ಐತಿಹ್ಯ. ಭಕ್ತರು ಇದರಲ್ಲಿ ಮಹಿಮೆ ಕಾಣುತ್ತಾರೆ. ಪಾಕಶಾಸ್ತ್ರಿಯಾದ ನಾನು ಕಾಣುವುದು ಮುಚ್ಚಿದ ತಟ್ಟೆಯನ್ನು. ಇಂದಿನ ತಾಯಂದಿರ ಸಂಕಟ ಇದಕ್ಕೆ ತಿರುಗುಮುರುಗು. ತಟ್ಟೆಯಲ್ಲಿ ಹಣ್ಣೇ ಇರುತ್ತದೆ. ಬಟ್ಟೆ ತೆಗೆದಾಗ ಅದು ಕುರ್ಕುರೆ ಆಗಿರಬೇಕು. ಈ ಸಿದ್ಧಿ ಇನ್ನೂ ಯಾರಿಗೂ ಒಲಿದಿಲ್ಲ.

ಪೂರ್ವಪಕ್ಷ ನನ್ನ ಸೊಸೆಯದು. ಆಕೆ ಐಕ್ಯವಾದಿ. ಹಣ್ಣು, ತಿಂಡಿ ಎರಡಲ್ಲ. ನಾಮರೂಪ ಬದಲಾಯಿಸಿದರೆ ಹಣ್ಣೇ ತಿಂಡಿ ಎಂಬುದು ಅವಳ ವಾದ. ಆ ಪ್ರಕಾರ ಕಲ್ಲಂಗಡಿಯನ್ನು ಅಚ್ಚಿನಲ್ಲಿ ಒತ್ತಿ ನಕ್ಷತ್ರ ಮಾಡಿದಳು. ಮೊಮ್ಮಗ ಅಚ್ಚು ಇಸಿದುಕೊಂಡು ಆಡಲು ಹೋದ. ಬಾಳೆಹಣ್ಣನ್ನು ಬಿಲ್ಲೆ ಮಾಡಿ, ಹುರಿದ ಶೇಂಗಾಪುಡಿಯಲ್ಲಿ ಹೊರಳಿಸಿ ಕೊಟ್ಟಳು. ಹುಡುಗ ಒಂದೊಂದನ್ನೂ ಎತ್ತಿ, ಪುಡಿಯನ್ನಷ್ಟೇ ಸುತ್ತಲೂ ನೆಕ್ಕಿ, ತೊಳೆದಿಟ್ಟಂತೆ ಬೆಳ್ಳಗಾದ ಹನ್ನೊಂದು ಬಿಲ್ಲೆಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ. ಹನ್ನೆರಡನೆಯದನ್ನು ಬೆಕ್ಕಿಗೆ ತೋರಿಸಿದ. ಅದೂ ಮೂಸಿ ಹೋಯಿತು. ಮಗು ಹುಟ್ಟಾ ದ್ವೈತಿ. ಭೇದ ಸತ್ಯ ಎಂದು ಇಷ್ಟು ಚೊಕ್ಕವಾಗಿ ಸಾಧಿಸಿದ ವಾದಗ್ರಂಥವನ್ನು ನಾನು ಓದಿಲ್ಲ.

ರಾಜಕೀಯ ಕಾರಣವೂ ಇದೆಯೆಂದು ನನ್ನ ಗುಮಾನಿ. 1953ರ ಅಕ್ಟೋಬರ್ 1ರಂದು ಮದರಾಸಿನ ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಯಾವ ಊರಲ್ಲಿ ಎಷ್ಟು ಮನೆಮಾತು ಕನ್ನಡ, ಎಷ್ಟು ತೆಲುಗು ಎಂದು ಎಣಿಸಿದವರು ಹಣ್ಣಿನ ಪ್ರಶ್ನೆಯನ್ನು ಎತ್ತಲೇ ಇಲ್ಲ. ಅದರ ಫಲ ಈಗ ಕಾಣುತ್ತಿದೆ: ಗಡಿಯ ಆಚೆ ಬಳ್ಳಾರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಒಲ್ಲದ ಮಗುವಿನ ಕೈಗೆ ಬಾಳೆಹಣ್ಣು ಬರುತ್ತದೆ, ಈಚೆ ನಮ್ಮ ಮಕ್ಕಳಿಗೆ ಶೇಂಗಾ ಚಿಕ್ಕಿ, ರಾಗಿ ಜಾವ. ಇದನ್ನು ನಾನು ಬಾಳೆಹಣ್ಣಿನ ಗಡಿರೇಖೆ ಎಂದು ಕರೆದಿದ್ದೇನೆ. ಬೆಳಿಗ್ಗೆಯ ಒಗ್ಗರಣೆ-ಮಿರ್ಚಿಗೆ ಮಾತ್ರ ಈ ಗಡಿ ಇಲ್ಲ. ಇಲ್ಲಿ ಅದರ ಹೆಸರು ಉಗ್ಗಾನಿ-ಬಜ್ಜಿ ಎಂದಾಗಿದೆ, ಅಷ್ಟೆ. ಅದನ್ನು ತಿಂದ ಹೊಟ್ಟೆಗೆ ಹಣ್ಣನ್ನು ಬೋಧಿಸುವುದು ಕಷ್ಟ.

ಟೊಮೆಟೊ ಹಣ್ಣೋ ತರಕಾರಿಯೋ? ಪತ್ತಿಕೊಂಡ ಮಾರುಕಟ್ಟೆಯಲ್ಲಿ ದರ ಬಿದ್ದು, ರೈತರು ರಸ್ತೆಗೆ ಸುರಿದು ಹೋದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಸಸ್ಯಶಾಸ್ತ್ರ ಹಣ್ಣು ಎನ್ನುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1893ರಲ್ಲಿ, ಸುಂಕದ ಮಟ್ಟಿಗೆ ತರಕಾರಿ ಎಂದು ತೀರ್ಪು ಕೊಟ್ಟಿತು. ನಾನು ಬೆಲ್ಲ ಹಾಕಿ ಟೊಮೆಟೊ ಬರ್ಫಿ ಮಾಡಿದ ದಿನ ಮೊಮ್ಮಗ ಕೋರ್ಟಿನ ಪರ ನಿಂತ. ಮೇಲ್ಮನವಿಗೆ ಅವಕಾಶವಿಲ್ಲ.

ಆಗಮಪ್ರಮಾಣಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ದಿನಕ್ಕೆ 100 ಗ್ರಾಂ ಹಣ್ಣು ಎಂದು 2024ರ ಅದರ ಆಹಾರಸೂತ್ರ. ಸೂತ್ರ ಅಲ್ಪಾಕ್ಷರ, ಭಾಷ್ಯ ಬೇಕು. ಬಾರಿಹಣ್ಣನ್ನು ಓಟೆಯ ಸಮೇತ ತೂಗಬೇಕೋ, ಉಗುಳಿದ ಓಟೆಯನ್ನು ಆಮೇಲೆ ಕಳೆಯಬೇಕೋ? ಕಳೆಯಬೇಕೆಂದರೆ, ಮಾಳಿಗೆಯಿಂದ ಪಕ್ಕದ ಮನೆಯ ಅಂಗಳಕ್ಕೆ ಉಗುಳಿದ್ದನ್ನು ಆರಿಸಿ ತರುವವರು ಯಾರು?

ಬಾರಿಹಣ್ಣಿನ ವಿಷಯ ಬಂದದ್ದು ಒಳ್ಳೆಯದೇ ಆಯಿತು. ಮೈಸೂರು ಕಡೆಯವರಿಗೆ ಎಲಚಿ, ನಮಗೆ ಬಾರಿ, ಎದುರು ಮನೆಯ ತೆಲುಗರಿಗೆ ರೇಗಿ, ಹಿಂದಿನ ಓಣಿಯ ಉರ್ದುವಿನವರಿಗೆ ಬೇರ್. ಇಷ್ಟು ಹೆಸರಿದ್ದೂ ಮಕ್ಕಳು ತಿನ್ನುವ ಏಕೈಕ ಹಣ್ಣು ಇದು, ಅದೂ ಹೇಗೆ? ಭೋಗಿಯ ದಿನ ಕೂಸಿನ ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುತ್ತಾರಲ್ಲ, ಆಗ ಉರುಳಿಬಿದ್ದದ್ದನ್ನು ಚಾಪೆಯ ಕೆಳಗಿಂದ ಎಳೆದು ತಿನ್ನುತ್ತಾರೆ. ತೊಳೆದು ಬಟ್ಟಲಲ್ಲಿಟ್ಟರೆ ಒಲ್ಲರು. ಈ ಜನವರಿಯಲ್ಲಿ ಎದುರು ಮನೆಯ ಅಕ್ಕ ಕಲಿಸಿಕೊಟ್ಟಂತೆ ನಾನು ರೇಗಿ ವಡಿಯಾಲು ಮಾಡಿದೆ. ಹಣ್ಣನ್ನು ಓಟೆಯ ಸಮೇತ ಒರಳಿಗೆ ಹಾಕಿ, ಬೆಲ್ಲ, ಉಪ್ಪು, ಜೀರಿಗೆ, ಮೆಣಸಿನಕಾಯಿ ಸೇರಿಸಿ ಕುಟ್ಟಿ, ಅಂಗೈಯಲ್ಲಿ ತಟ್ಟಿ ಮಾಳಿಗೆಯ ಮೇಲೆ ಒಣಹಾಕುವುದು. ಬಿಸಿಲಿಗೆ ಸಿ ಜೀವಸತ್ವ ಕೊಂಚ ಹಾರಿಹೋಗುತ್ತದೆ. ಆದವಾನಿಯಲ್ಲಿ ಅದರ ಜಾಗಕ್ಕೆ ಬೇರೊಂದು ಬಂದು ಕೂರುತ್ತದೆ. ಜಿನ್ನಿಂಗ್ ಮಿಲ್ಲುಗಳ ಹಂಗಾಮು ಅದು. ಸಂಜೆ ಹೋಗಿ ನೋಡಿದರೆ ಅಂಟಂಟಾದ ಒಂದೊಂದು ವಡೆಗೂ ಹತ್ತಿಯ ಎಳೆ ಹತ್ತಿ, ತಟ್ಟೆಯ ತುಂಬ ಮುದುಕರ ಗಲ್ಲದಂತೆ ಬಿಳಿ ಗಡ್ಡ. ಮೊಮ್ಮಗ ಬಗ್ಗಿ ನೋಡಿ, “ತಾತಾ, ಇವು ನಿನ್ನಂಗದಾವ” ಎಂದ.

ಇಲ್ಲಿಗೆ ಪೂರ್ವಪಕ್ಷ ಖಂಡಿತವಾಯಿತು. ಸಿದ್ಧಾಂತ ಹೊಳೆದದ್ದು ಏಪ್ರಿಲ್‌ನಲ್ಲಿ, ಹೊಸ ಹುಣಸೆ ಮನೆಗೆ ಬಂದಾಗ. ಹುಣಸೆ ಆಫ್ರಿಕಾ ಮೂಲದ ಮರ. ಅರಬರು ಅದನ್ನು ಹಿಂದೂಸ್ತಾನದ ಖರ್ಜೂರ ಎಂದು ಕರೆದದ್ದೇ ಸಸ್ಯಶಾಸ್ತ್ರದಲ್ಲಿ ಟ್ಯಾಮರಿಂಡಸ್ ಆಗಿ ಉಳಿಯಿತು. ಅಂದಮೇಲೆ ಹುಣಸೆಯೂ ಹಣ್ಣೇ, ಹೆಸರಲ್ಲೇ ಹಣ್ಣಿದೆ. ಆದರೂ ಅದನ್ನು ಆರೋಗ್ಯದ ತಿಂಡಿ ಎಂದು ಯಾವ ಸೊಸೆಯೂ ಮಗನ ಮುಂದಿಟ್ಟಿಲ್ಲ. ರಹಸ್ಯ ಇರುವುದು ಅಲ್ಲೇ. ನನ್ನಾಕೆ ಬೀಜ ಬಿಡಿಸಿ, ಉಪ್ಪು ಬೆರೆಸಿ, ವರ್ಷದ ಹುಣಸೆಯನ್ನು ಜಾಡಿಗೆ ತುಂಬಿ ಅಟ್ಟಕ್ಕೆ ಏರಿಸಿದಳು. “ಯಾರರ ಮುಟ್ಟಿದ್ರ ಕೈ ಮುರೀತೀನಿ” ಎಂದು ಮೂರು ಸಲ ಹೇಳಿದಳು. ಮೂರನೆಯ ಸಲ ಹೇಳುವಾಗ ಮೊಮ್ಮಗನ ಗಂಟಲು ನೀರು ನುಂಗಿದ್ದನ್ನು ನಾನು ಪ್ರತ್ಯಕ್ಷ ಕಂಡೆ.

ಮರುದಿನ ಮಧ್ಯಾಹ್ನ ಮನೆಯಾಕೆ ಮಲಗಿದ್ದಾಗ ಹಿತ್ತಲಲ್ಲಿ ಕುಟ್ಟುವ ಸದ್ದು. ಮೊಮ್ಮಗ, ಎದುರು ಮನೆಯ ಹುಡುಗಿ, ಹಿಂದಿನ ಓಣಿಯ ಹುಡುಗ. ಒರಳಿನಲ್ಲಿ ಹುಣಸೆ, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ. ಸದ್ದು ಕೇಳಬಾರದೆಂದು ಒರಳಿನ ಕೆಳಗೆ ನನ್ನ ಟವೆಲ್ಲು. ನಾದಿದ್ದನ್ನು ಉಂಡೆ ಕಟ್ಟಿ, ಇನ್ನೂ ಕಸ ಕಾಣದ ಹೊಸ ಕಸಬರಿಗೆಯಿಂದ ಕಡ್ಡಿ ಕಿತ್ತು ಚುಚ್ಚುತ್ತಿದ್ದರು. ಚಿಗಳಿ! ಯಾವ ಅಚ್ಚೂ ಇಲ್ಲ, ಸೊಸೆಯ ಉಪಾಯವೂ ಇಲ್ಲ. ಮೂರು ಮನೆಮಾತಿನ ಮೂರು ಮಕ್ಕಳು ಮಾತೇ ಆಡದೆ, ಕಣ್ಣು ಮುಚ್ಚಿ, ಹುಳಿಗೆ ಒಂದೇ ಥರ ಮುಖ ಕಿವುಚಿ ಚೀಪುತ್ತಿದ್ದರು. ಹಣ್ಣು ತಿಂಡಿಯಾಗಲು ಬೇಕಾದ ನಿಮಿತ್ತಕಾರಣ ಒಂದೇ, ಅದನ್ನು ಮುಟ್ಟಬೇಡ ಎನ್ನುವ ಒಬ್ಬರು ಮನೆಯಲ್ಲಿ ಇರುವುದು. ಮೊಮ್ಮಗ ನನ್ನನ್ನು ಕಂಡು ಒಂದು ಗಳಿಗೆ ಬೆದರಿದ. ಆಮೇಲೆ ಯೋಚಿಸಿ, ಇದ್ದುದರಲ್ಲಿ ದೊಡ್ಡ ಉಂಡೆಯನ್ನು ನನ್ನ ಕಡೆ ಚಾಚಿದ.

ಸಂಜೆ ಅಂಗಳ ಗುಡಿಸಲು ಹೋದ ಮನೆಯಾಕೆ, ನಿನ್ನೆ ತಂದ ಕಸಬರಿಗೆ ಇಷ್ಟು ತೆಳ್ಳಗಾದದ್ದು ಹೇಗೆಂದು ಕೇಳಿದಳು. ಉತ್ತರ ಗೊತ್ತಿತ್ತು; ಆದರೆ ನಾನು ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ.